20 ಸೀಟು ಕಿತ್ತು ಬ್ಯಾಗಿಗೆ ಬೀರು ಇಟ್ಟ ವಿಮಾನ: ಸಿಆರ್‌ಜೆ-550 ಪ್ರಕರಣ

ಷಿಕಾಗೊದ ಓಹೇರ್ ನಿಲ್ದಾಣದಲ್ಲಿ ಸಣ್ಣ ಊರುಗಳ ಕಡೆ ಹೊರಡುವ ಗೇಟಿನ ಮುಂದೆ ಸ್ವಲ್ಪ ಹೊತ್ತು ಕೂತರೆ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಹತ್ತುವ ಸಾಲು ಶುರುವಾಗುತ್ತಿದ್ದಂತೆ ಸಿಬ್ಬಂದಿಯೊಬ್ಬರು ಬಂದು, ಗಾಲಿ ಇರುವ ಬ್ಯಾಗುಗಳ ಹಿಡಿಗೆಲ್ಲ ಚೀಟಿ ಕಟ್ಟುತ್ತಾ ಹೋಗುತ್ತಾರೆ. ಏರೋಬ್ರಿಜ್‌ನ ತುದಿಯಲ್ಲಿ, ವಿಮಾನದ ಬಾಗಿಲು ಎರಡು ಹೆಜ್ಜೆ ಇದೆ ಅನ್ನುವಾಗ, ಬ್ಯಾಗನ್ನು ಅಲ್ಲೇ ಬಿಟ್ಟು ಒಳಗೆ ಹೋಗಬೇಕು. ಬೆಂಗಳೂರಿನಲ್ಲಿ ಹತ್ತಿ, ಸಾಗರ ದಾಟಿ, ತಲೆಯ ಮೇಲಿನ ಬಿನ್‌ನಲ್ಲಿ ಆರಾಮಾಗಿ ಮಲಗಿ ಬಂದ ಬ್ಯಾಗು ಕೊನೆಯ ಒಂದೂವರೆ ಗಂಟೆಯ ಹಾರಾಟಕ್ಕೆ 'ದೊಡ್ಡದು' ಎನಿಸಿಕೊಳ್ಳುತ್ತದೆ. ನಮ್ಮ ಊರಿನ ಬಸ್ಸಿನಲ್ಲಿ ಕಂಡಕ್ಟರ್ 'ಅದನ್ನ ಮೇಲಕ್ಕೆ ಹಾಕಿ' ಅಂದ ಹಾಗೆ. ಇಲ್ಲಿ ಮಾತ್ರ ಕೆಳಕ್ಕೆ.

ಪ್ರಯಾಣಿಕರು ಇದನ್ನು ವಿಮಾನದ ಗಾತ್ರದ ಸಮಸ್ಯೆ ಎಂದುಕೊಂಡು ಸುಮ್ಮನಾಗುತ್ತಾರೆ. ಸಣ್ಣ ವಿಮಾನ, ಸಣ್ಣ ಬಿನ್, ಇನ್ನೇನು ಮಾಡಲಾದೀತು? 2019ರ ಫೆಬ್ರುವರಿಯಲ್ಲಿ ಯುನೈಟೆಡ್ ಏರ್‌ಲೈನ್ಸ್ ಇದಕ್ಕೊಂದು ವಿಚಿತ್ರ ಉತ್ತರ ಕೊಟ್ಟಿತು. 70 ಜನ ಕೂರುವ ವಿಮಾನದಿಂದ 20 ಸೀಟು ಕಿತ್ತುಹಾಕಿ, ಬ್ಯಾಗು ಇಡಲು ನಾಲ್ಕು ಬೀರು ಕೂರಿಸಿ, ಅದಕ್ಕೆ ಸಿಆರ್‌ಜೆ-550 ಎಂದು ಹೊಸ ಹೆಸರಿಟ್ಟಿತು. ಟಿಕೆಟ್ ಮಾರಿ ಬದುಕುವ ಕಂಪನಿ ಮಾರಬಹುದಾದ ಸೀಟನ್ನು ತಾನಾಗಿಯೇ ಕಿತ್ತಿತೆಂದರೆ ಅದರ ಹಿಂದೆ ಬ್ಯಾಗಿಗಿಂತ ದೊಡ್ಡ ಕಾರಣ ಇರಲೇಬೇಕು. ಆ ಕಾರಣ ವಿಮಾನ ತಯಾರಿಸುವ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ; ಪೈಲಟ್‌ಗಳ ಸಂಬಳದ ಒಪ್ಪಂದದಲ್ಲಿ ಹುಟ್ಟಿದ್ದು.

ಬಿನ್ ಯಾಕೆ ಸಣ್ಣದಾಯಿತು

ಸಿಆರ್‌ಜೆ ಎಂದರೆ ಕೆನಡಾದ ರೀಜನಲ್ ಜೆಟ್, ಸಣ್ಣ ಊರುಗಳಿಗೆ ಹಾರುವ ಸಣ್ಣ ಜೆಟ್. ಇದರ ಮೂಲ ಚಾಲೆಂಜರ್ ಎಂಬ ಬಿಸಿನೆಸ್ ಜೆಟ್. ಅದು ಮೊದಲು ಹಾರಿದ್ದು 1978ರಲ್ಲಿ. ಶ್ರೀಮಂತರು ಹತ್ತು ಹನ್ನೆರಡು ಮಂದಿ ಕೂತು ಹೋಗುವ ಆ ಕೊಳವೆಯನ್ನು ಉದ್ದಕ್ಕೆ ಎಳೆದು 50 ಸೀಟು ಜೋಡಿಸಿದಾಗ 1991ರಲ್ಲಿ ಮೊದಲ ಸಿಆರ್‌ಜೆ ಹಾರಿತು, ಮರುವರ್ಷ ಲುಫ್ತಾನ್ಸಾ ಸಿಟಿಲೈನ್‌ನಲ್ಲಿ ಸೇವೆಗೆ ಬಂತು. ಉದ್ದ ಬೆಳೆಯಿತು, ಅಗಲ ಬೆಳೆಯಲಿಲ್ಲ. ಒಳಗಿನ ಅಗಲ ಸುಮಾರು ಎರಡೂವರೆ ಮೀಟರ್. ಅಷ್ಟರಲ್ಲೇ ಎರಡು-ಎರಡು ಸೀಟು, ನಡುವೆ ಓಣಿ, ಗೋಡೆಯ ಬಾಗಿಗೆ ಅಂಟಿಕೊಂಡ ಬಿನ್. ಅದರಲ್ಲಿ ಕೋಟು, ಲ್ಯಾಪ್‌ಟಾಪ್ ಚೀಲ, ಮೆತ್ತನೆಯ ಬೆನ್ನುಚೀಲ ಹಿಡಿಯುತ್ತವೆ. 56 ಸೆಂಟಿಮೀಟರ್ ಉದ್ದ, 36 ಅಗಲ, 23 ದಪ್ಪದ ಮಾಮೂಲಿ ಟ್ರಾಲಿ ಬ್ಯಾಗು ಹಿಡಿಯುವುದಿಲ್ಲ. ತಳ್ಳಿದರೂ ಇಲ್ಲ, ತಿರುಗಿಸಿದರೂ ಇಲ್ಲ.

ಇದೇ ವರ್ಗದ ಬ್ರೆಜಿಲ್ ವಿಮಾನ ಎಂಬ್ರೇಯರ್ 145ರಲ್ಲಿ ಸೀಟುಗಳು ಒಂದು-ಎರಡು. ಒಂಟಿ ಸೀಟಿನ ಕಡೆ ತಲೆಯ ಮೇಲೆ ಬಿನ್ ಇರುವುದೇ ಇಲ್ಲ. ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. 2019ರ ಜನವರಿಯಲ್ಲಿ ಬೆಂಗಳೂರು-ಹುಬ್ಬಳ್ಳಿ ಹಾರಾಟದೊಂದಿಗೆ ಶುರುವಾದ ಸ್ಟಾರ್ ಏರ್, ಅದೇ ವರ್ಷದ ನವೆಂಬರ್‌ನಲ್ಲಿ ಕಲಬುರಗಿ ನಿಲ್ದಾಣಕ್ಕೆ ಮೊದಲ ಸೇವೆ ಕೊಟ್ಟ ಸ್ಟಾರ್ ಏರ್, ಬಳಸಿದ್ದು ಇದೇ 50 ಸೀಟಿನ ಎಂಬ್ರೇಯರ್ 145. ಎಡಗಡೆಯ ಒಂಟಿ ಸೀಟಿನಲ್ಲಿ ಕೂತವರು ಕಿಟಕಿಯೂ ತಮ್ಮದೇ, ಓಣಿಯೂ ತಮ್ಮದೇ ಎಂದು ಖುಷಿಪಡುತ್ತಾರೆ. ಬ್ಯಾಗನ್ನು ಮಾತ್ರ ಎದುರುಮನೆಯಲ್ಲಿ ಇಡಬೇಕು.

ಆದರೂ ಕರ್ನಾಟಕದ ಈ ಹಾರಾಟಗಳಲ್ಲಿ ಬ್ಯಾಗಿನ ರಗಳೆ ಓಹೇರ್‌ನಷ್ಟು ಇಲ್ಲ. ನಮ್ಮ ದೇಶದೊಳಗಿನ ಹಾರಾಟದಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ, ಕೆಳಗೆ ಹಾಕಲು ಸಾಮಾನ್ಯವಾಗಿ 15 ಕಿಲೋ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಹಾಗಾಗಿ ಜನ ದೊಡ್ಡದನ್ನು ಕೌಂಟರಿನಲ್ಲೇ ಕೊಟ್ಟುಬಿಡುತ್ತಾರೆ. ಅಮೆರಿಕದಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಗಾಲಿಯ ಮೇಲೆ ನೆಟ್ಟಗೆ ನಿಂತು, ಹಿಡಿ ಎಳೆದರೆ ಹಿಂದೆ ಬರುವ ಬ್ಯಾಗನ್ನು 1987ರಲ್ಲಿ ಮಾಡಿದ್ದು ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಪೈಲಟ್ ರಾಬರ್ಟ್ ಪ್ಲಾತ್. ಮೊದಲಿಗೆ ಅದು ವಿಮಾನ ಸಿಬ್ಬಂದಿಯ ಕೈಯಲ್ಲಿತ್ತು, ಆಮೇಲೆ ಎಲ್ಲರ ಕೈಗೂ ಬಂತು. 2008ರಲ್ಲಿ ಇಂಧನದ ಬೆಲೆ ಏರಿದಾಗ ಅಮೆರಿಕನ್ ಏರ್‌ಲೈನ್ಸ್ ಕೆಳಗೆ ಹಾಕುವ ಮೊದಲ ಬ್ಯಾಗಿಗೇ 15 ಡಾಲರ್ ಕೇಳಿತು, ಯುನೈಟೆಡ್ ಹಿಂಬಾಲಿಸಿತು. ಈಗ ಆ ಶುಲ್ಕ ದುಪ್ಪಟ್ಟಿಗಿಂತ ಹೆಚ್ಚು. ದುಡ್ಡು ಕೊಟ್ಟು ಕೆಳಗೆ ಹಾಕುವ ಬದಲು ಪುಕ್ಕಟೆಯಾಗಿ ಮೇಲೆ ಇಡೋಣ ಎಂದು ಇಡೀ ದೇಶ ಟ್ರಾಲಿ ಬ್ಯಾಗು ಎಳೆಯತೊಡಗಿತು. ಬಿನ್‌ಗಳು ಮಾತ್ರ 1991ರಲ್ಲೇ ಉಳಿದಿದ್ದವು. ಮೂಗಿಗಿಂತ ಮೂಗುತಿ ಭಾರ ಆಯಿತು.

ತಮಾಷೆಯೆಂದರೆ, ಚೀಟಿ ಕಟ್ಟಿಸಿಕೊಂಡು ವಿಮಾನದ ಬಾಗಿಲಲ್ಲಿ ಬಿಡುವ ಬ್ಯಾಗಿಗೆ ಶುಲ್ಕ ಇಲ್ಲ. ಕೌಂಟರಿನಲ್ಲಿ ಕೊಟ್ಟರೆ ದುಡ್ಡು, ಗೇಟಿನವರೆಗೆ ಎಳೆದುಕೊಂಡು ಬಂದರೆ ಅದೇ ಡಿಕ್ಕಿಯಲ್ಲಿ ಪುಕ್ಕಟೆ ಜಾಗ. ಶುಲ್ಕ ಹಾಕಿದವರೇ ಜನರಿಗೆ ಈ ದಾರಿ ಕಲಿಸಿದ್ದು.

ತೂಕದ ಲೆಕ್ಕ

ಸಣ್ಣ ವಿಮಾನದಲ್ಲಿ ಬ್ಯಾಗಿನ ವಿಷಯಕ್ಕೆ ಸಿಬ್ಬಂದಿ ಇಷ್ಟು ಬಿಗಿಯಾಗಿರಲು ಜಾಗದ ಜೊತೆಗೆ ಇನ್ನೊಂದು ಕಾರಣವಿದೆ. ಅದು ಗೇಟಿನಲ್ಲಿ ಗೊಣಗುವವರಿಗೆ ಗೊತ್ತಿದ್ದರೆ ಗೊಣಗಾಟ ಅರ್ಧ ಕಡಿಮೆಯಾದೀತು.

2003ರ ಜನವರಿ 8ರಂದು ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ನಿಂದ ಏರ್ ಮಿಡ್‌ವೆಸ್ಟ್ 5481 ಎಂಬ ಪುಟ್ಟ ವಿಮಾನ ಹೊರಟಿತು. 19 ಸೀಟಿನ ಬೀಚ್ 1900ಡಿ. ಸೀಟೆಲ್ಲ ಭರ್ತಿ, ಜೊತೆಗೆ ಇಬ್ಬರು ಪೈಲಟ್‌ಗಳು. ನೆಲ ಬಿಟ್ಟ ಕೂಡಲೇ ಮೂತಿ ಮೇಲಕ್ಕೆ ಎದ್ದಿತು, ಕೆಳಗಿಳಿಸಲು ಆಗಲಿಲ್ಲ. ಅರ್ಧ ನಿಮಿಷ ಕಳೆದು ಸ್ವಲ್ಪದರಲ್ಲೇ ವಿಮಾನ ನಿಲ್ದಾಣದ ಹ್ಯಾಂಗರ್‌ಗೆ ಬಡಿದು 21 ಮಂದಿಯೂ ಸತ್ತರು. ತನಿಖೆಯಲ್ಲಿ ಕಂಡದ್ದು ಎರಡು ತಪ್ಪು. ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿಯ (ಎಲಿವೇಟರ್) ನಿಯಂತ್ರಣವನ್ನು ಹಿಂದಿನ ರಿಪೇರಿಯಲ್ಲಿ ತಪ್ಪಾಗಿ ಹೊಂದಿಸಲಾಗಿತ್ತು. ಅದರ ಮೇಲೆ ವಿಮಾನದ ಗುರುತ್ವಕೇಂದ್ರ ಮಿತಿ ಮೀರಿ ಹಿಂದಕ್ಕೆ ಸರಿದಿತ್ತು. ಕಾಗದದ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕ ಹಾಕಿದ್ದು ಸರಾಸರಿ ಪ್ರಯಾಣಿಕನ ತೂಕ, ಸರಾಸರಿ ಬ್ಯಾಗಿನ ತೂಕ ಇಟ್ಟುಕೊಂಡು. ಆ ಸರಾಸರಿ ಹಳೆಯ ಕಾಲದ್ದು.

ಅಪಘಾತದ ನಂತರ ಅಮೆರಿಕದ ವಿಮಾನಯಾನ ಆಡಳಿತ ಸಣ್ಣ ವಿಮಾನಗಳ ಪ್ರಯಾಣಿಕರನ್ನು ನಿಜವಾಗಿಯೇ ತೂಕಕ್ಕೆ ನಿಲ್ಲಿಸಿತು. ಕೈಚೀಲ ಸೇರಿ ತಲಾ ಸುಮಾರು 20 ಪೌಂಡ್, ಅಂದರೆ 9 ಕಿಲೋ, ಹೆಚ್ಚು ಬಂತು. 19 ಜನರ ವಿಮಾನದಲ್ಲಿ ಅದು ಲೆಕ್ಕಕ್ಕೆ ಸಿಗದ ಇಬ್ಬರು ಪ್ರಯಾಣಿಕರಿಗೂ ಮಿಕ್ಕಿದ ಭಾರ. 2004ರಲ್ಲಿ ಹೊಸ ಮಾರ್ಗಸೂಚಿ ಬಂದು ಬೇಸಿಗೆಯಲ್ಲಿ ತಲಾ 190 ಪೌಂಡ್, ಬಟ್ಟೆ ದಪ್ಪಗಿರುವ ಚಳಿಗಾಲದಲ್ಲಿ 195 ಎಂದಾಯಿತು. ಅದರಲ್ಲೇ ಬಾಗಿಲಲ್ಲಿ ಬಿಡುವ ಬ್ಯಾಗಿಗೂ ಒಂದು ಲೆಕ್ಕ ಸಿಕ್ಕಿತು: ಕೌಂಟರಿನಲ್ಲಿ ಕೊಟ್ಟ ಬ್ಯಾಗು 30 ಪೌಂಡ್ ಆದರೆ ಬಾಗಿಲಲ್ಲಿ ಬಿಟ್ಟದ್ದು 20. ಕ್ಯಾಬಿನ್ನಿಗೆ ಟ್ರಾಲಿ ಬ್ಯಾಗು ಬಿಡುವುದೇ ಇಲ್ಲ ಎಂಬ ನಿಯಮ ಇಟ್ಟುಕೊಂಡ ಕಂಪನಿ ಪ್ರತಿ ಪ್ರಯಾಣಿಕನ ಲೆಕ್ಕದಿಂದ 6 ಪೌಂಡ್ ಕಳೆಯಬಹುದಿತ್ತು.

ಬ್ಯಾಗು ಮೇಲಿದ್ದರೂ ಕೆಳಗಿದ್ದರೂ ವಿಮಾನ ಹೊರುವ ಭಾರ ಅಷ್ಟೇ. ಆದರೆ ಬಾಗಿಲಲ್ಲಿ ಬಿಟ್ಟದ್ದನ್ನು ಎಣಿಸಬಹುದು. ಯಾವ ಡಿಕ್ಕಿಯಲ್ಲಿ ಎಷ್ಟು ಎಂದು ಬರೆದು ಪೈಲಟ್‌ಗೆ ಕೊಡಬಹುದು. ಬಿನ್ ಒಳಗೆ ಸೇರಿದ ಬ್ಯಾಗನ್ನು ಯಾರೂ ಎಣಿಸುವುದಿಲ್ಲ. 180 ಜನರ ವಿಮಾನದಲ್ಲಿ ಇಂಥ ಸಣ್ಣ ತಪ್ಪುಗಳು ಒಂದನ್ನೊಂದು ನುಂಗಿಹಾಕುತ್ತವೆ. 50ರಲ್ಲಿ ಅಷ್ಟಾಗಿ ಇಲ್ಲ, 19ರಲ್ಲಿ ಇಲ್ಲವೇ ಇಲ್ಲ.

ಒಪ್ಪಂದದ ಕಲಮು

ಇನ್ನು ಯುನೈಟೆಡ್‌ನ ಬೀರುಗಳ ಕಥೆ. ಅಮೆರಿಕದ ದೊಡ್ಡ ಕಂಪನಿಗಳು ಸಣ್ಣ ಊರುಗಳ ಹಾರಾಟವನ್ನು ಗುತ್ತಿಗೆಗೆ ಕೊಡುತ್ತವೆ. ವಿಮಾನದ ಮೇಲೆ 'ಯುನೈಟೆಡ್ ಎಕ್ಸ್‌ಪ್ರೆಸ್' ಎಂದಿದ್ದರೂ ಒಳಗಿನ ಪೈಲಟ್ ಬೇರೆ ಕಂಪನಿಯವರು, ಸಂಬಳವೂ ಬೇರೆ, ಬಹುಕಾಲ ತೀರಾ ಕಡಿಮೆ. ಹೀಗೆ ಬಿಟ್ಟರೆ ನಮ್ಮ ಕೆಲಸವೆಲ್ಲ ಗುತ್ತಿಗೆಯವರ ಪಾಲಾಗುತ್ತದೆ ಎಂದು ದೊಡ್ಡ ಕಂಪನಿಯ ಪೈಲಟ್ ಸಂಘಗಳು ಒಪ್ಪಂದದಲ್ಲಿ ಬೇಲಿ ಹಾಕಿಸಿಕೊಂಡವು. ಗುತ್ತಿಗೆಯ ವಿಮಾನದಲ್ಲಿ ಇಷ್ಟೇ ಸೀಟು, ಇಷ್ಟೇ ತೂಕ, ಒಟ್ಟು ಇಷ್ಟೇ ವಿಮಾನ. ಇದಕ್ಕೆ 'ಸ್ಕೋಪ್ ಕಲಮು' ಎನ್ನುತ್ತಾರೆ. ಪೈಲಟ್‌ಗಳನ್ನು ಇದಕ್ಕಾಗಿ ಬೈಯುವವರಿದ್ದಾರೆ. ನನಗೆ ಬೈಯಲು ಮನಸ್ಸು ಬರುವುದಿಲ್ಲ. ಗುತ್ತಿಗೆ ಕಾರ್ಮಿಕರೂ ಕಾಯಂ ನೌಕರರೂ ಒಂದೇ ಕೆಲಸಕ್ಕೆ ಬೇರೆ ಬೇರೆ ಸಂಬಳ ಪಡೆಯುವುದನ್ನು ನಾವು ಸಾರಿಗೆ ನಿಗಮದಿಂದ ವಿದ್ಯುತ್ ಕಂಪನಿವರೆಗೆ ನೋಡಿದ್ದೇವೆ.

ಕಾಂಟಿನೆಂಟಲ್ ಏರ್‌ಲೈನ್ಸ್ ಜೊತೆ ವಿಲೀನವಾದ ಮೇಲೆ 2012ರ ಡಿಸೆಂಬರ್‌ನಲ್ಲಿ ಯುನೈಟೆಡ್ ಪೈಲಟ್‌ಗಳು ಒಪ್ಪಿದ ಕರಾರಿನಲ್ಲಿ ಗುತ್ತಿಗೆ ವಿಮಾನಕ್ಕೆ ಗರಿಷ್ಠ 76 ಸೀಟು, ಗರಿಷ್ಠ 86,000 ಪೌಂಡ್ ತೂಕ. 50 ಸೀಟು ಮೀರಿದ ವಿಮಾನಗಳು ಒಟ್ಟು 255ಕ್ಕಿಂತ ಹೆಚ್ಚು ಇರುವಂತಿಲ್ಲ. ಎದುರಾಳಿ ಡೆಲ್ಟಾಗೆ ಅದೇ ಮಿತಿ 325 ಇತ್ತು. ಈ 70ರ ವ್ಯತ್ಯಾಸವೇ ಯುನೈಟೆಡ್‌ನ ತಲೆನೋವು. 255 ತುಂಬಿದ ಮೇಲೆ ಉಳಿದ ಸಣ್ಣ ಊರುಗಳಿಗೆಲ್ಲ 50 ಸೀಟಿನ ಹಳೆ ವಿಮಾನಗಳನ್ನೇ ಕಳಿಸಬೇಕು. ಅವುಗಳಲ್ಲಿ ಫಸ್ಟ್ ಕ್ಲಾಸ್ ಇಲ್ಲ, ಬ್ಯಾಗಿಗೆ ಜಾಗ ಇಲ್ಲ. ಓಹೇರ್‌ನಲ್ಲೇ ತಳ ಊರಿರುವ ಅಮೆರಿಕನ್ ಏರ್‌ಲೈನ್ಸ್ ಅದೇ ಊರಿಗೆ ಫಸ್ಟ್ ಕ್ಲಾಸ್ ಇರುವ ದೊಡ್ಡ ಜೆಟ್ ಬಿಟ್ಟರೆ ಕಂಪನಿ ಖರ್ಚಿನಲ್ಲಿ ಓಡಾಡುವ ಗಿರಾಕಿ ಅತ್ತ ಹೋಗುತ್ತಾನೆ. ಆಗ ಯುನೈಟೆಡ್‌ನ ಅಧ್ಯಕ್ಷರಾಗಿದ್ದ ಸ್ಕಾಟ್ ಕರ್ಬಿ 76 ಸೀಟಿನ ವಿಮಾನ ಇನ್ನಷ್ಟು ಬೇಕು ಎನ್ನುತ್ತಲೇ ಇದ್ದರು. ಪೈಲಟ್‌ಗಳು ಬೇಲಿ ಸರಿಸಲು ಒಪ್ಪಲಿಲ್ಲ.

ಕಲಮಿನಲ್ಲಿ ಬರೆದಿದ್ದದ್ದು ಸೀಟಿನ ಸಂಖ್ಯೆ ಮತ್ತು ತೂಕ. ವಿಮಾನದ ಉದ್ದ ಎಷ್ಟಿರಬೇಕು, ಒಳಗೆ ಬೀರು ಇರಬಹುದೇ ಎಂದು ಯಾರೂ ಬರೆದಿರಲಿಲ್ಲ. ಹಾಗಾದರೆ 70 ಸೀಟಿನ ಸಿಆರ್‌ಜೆ-700 ತೆಗೆದುಕೊಂಡು ಅದರಲ್ಲಿ 50 ಸೀಟು ಮಾತ್ರ ಇಟ್ಟರೆ? ಅದು ಒಪ್ಪಂದದ ಕಣ್ಣಿಗೆ 50 ಸೀಟಿನ ವಿಮಾನ. 255ರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೈಯಲ್ಲಿ ಅದು 50 ಸೀಟಿನ ಹಳೆ ಸಿಆರ್‌ಜೆ-200ಗಿಂತ ಐದು ಮೀಟರಿಗೂ ಹೆಚ್ಚು ಉದ್ದ.

ಒಪ್ಪಂದದ 50 ಸೀಟಿನ ವರ್ಗಕ್ಕೆ ಹೊಂದುವಂತೆ ತೂಕದ ಕಡೆಯೂ ಕಾಗದದ ಕೆಲಸ ನಡೆಯಿತು. ಹಾರುವಾಗಿನ ಗರಿಷ್ಠ ತೂಕವನ್ನು 65,000 ಪೌಂಡ್ ಎಂದು ಇಳಿಸಿ ಬರೆಸಿ, ಹೊಸ ಮಾದರಿ ಎಂದೇ ಪ್ರಮಾಣಪತ್ರ ಪಡೆಯಲಾಯಿತು. ಮಾರುಕಟ್ಟೆಯ ಹೆಸರು ಸಿಆರ್‌ಜೆ-550. ಪ್ರಮಾಣಪತ್ರದಲ್ಲಿ ಸಿಎಲ್-600-2ಸಿ11, 700ರದ್ದು 2ಸಿ10. ಆ 'ಸಿಎಲ್-600' ಅನ್ನುವುದು ಚಾಲೆಂಜರ್ ಬಿಸಿನೆಸ್ ಜೆಟ್‌ನ ಹೆಸರು. ನಲವತ್ತು ವರ್ಷವಾದರೂ ಮೊಮ್ಮಗನ ರೇಷನ್ ಕಾರ್ಡಿನಲ್ಲಿ ಅಜ್ಜನ ಹೆಸರೇ ಇದೆ.

ಒಳಗೆ ಏನು ಬದಲಾಯಿತು

ಹಳೆಯ ವಿಮಾನದಲ್ಲಿ ಎಲ್ಲರೂ ಒಂದೇ ಸಮ ಇಕ್ಕಟ್ಟಿನಲ್ಲಿ ಕೂರುತ್ತಿದ್ದರು. 550ರಲ್ಲಿ ಮುಂದೆ ಒಂದು-ಎರಡರಂತೆ 10 ಫಸ್ಟ್ ಕ್ಲಾಸ್ ಸೀಟು, ಆಮೇಲೆ ಕಾಲು ಚಾಚಲು ಹೆಚ್ಚು ಜಾಗವಿರುವ 20, ಕೊನೆಗೆ ಮಾಮೂಲಿ 20. ನಾಲ್ಕು ಬೀರುಗಳಲ್ಲಿ ಟ್ರಾಲಿ ಬ್ಯಾಗುಗಳನ್ನು ನಿಲ್ಲಿಸಬಹುದು. ಗೇಟಿನಲ್ಲಿ ಚೀಟಿ ಕಟ್ಟುವ ಅಗತ್ಯವೇ ಇಲ್ಲ ಎಂಬುದು ಕಂಪನಿ ಕೊಟ್ಟ ಮಾತು. ಫಸ್ಟ್ ಕ್ಲಾಸ್‌ನವರಿಗೆ ಕೈಹಾಕಿ ತೆಗೆದುಕೊಳ್ಳುವ ತಿಂಡಿ-ಪಾನೀಯದ ಗೂಡು. ಇದನ್ನು ಐಷಾರಾಮ ಎಂದು ಮಾರಿದರು. 50 ಸೀಟಿನವರೆಗೆ ಒಬ್ಬರೇ ಪರಿಚಾರಕರು ಸಾಕು, 51ನೇ ಸೀಟು ಬಂದರೆ ಇಬ್ಬರು ಬೇಕು ಎಂಬ ನಿಯಮ ಗೊತ್ತಿದ್ದವರಿಗೆ ಆ ಗೂಡಿನ ಇನ್ನೊಂದು ಉಪಯೋಗವೂ ಹೊಳೆಯುತ್ತದೆ.

ಮಿಸೌರಿಯ ಗೋಜೆಟ್ ಎಂಬ ಗುತ್ತಿಗೆ ಕಂಪನಿ ಸುಮಾರು 50 ಇಂಥ ವಿಮಾನಗಳನ್ನು ಹಾರಿಸುವುದೆಂದು ಯೋಜನೆಯಾಗಿ, 2019ರಲ್ಲೇ ಓಹೇರ್‌ನಿಂದ ಸೇವೆ ಆರಂಭವಾಯಿತು. ಮುಂದೆ ಇನ್ನೊಂದು ಗುತ್ತಿಗೆ ಕಂಪನಿ ಸ್ಕೈವೆಸ್ಟ್ ಕೂಡ ಇದೇ ಪರಿವರ್ತನೆಗೆ ಕೈ ಹಾಕಿತು.

ಓಹೇರ್‌ನಿಂದ ಈ ಗಾತ್ರದ ಜೆಟ್‌ಗಳು ಹೋಗುವ ಊರುಗಳಲ್ಲಿ ನಾರ್ತ್‌ವೆಸ್ಟ್ ಆರ್ಕನ್ಸಾ ಒಂದು. ಅದು ವಾಲ್‌ಮಾರ್ಟ್‌ನ ತವರು ಬೆಂಟನ್‌ವಿಲ್‌ಗೆ ಹತ್ತಿರದ ನಿಲ್ದಾಣ. 2018ರಲ್ಲಿ ವಾಲ್‌ಮಾರ್ಟ್ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೊಂಡಿತು. ಅದರ ತಂತ್ರಜ್ಞಾನದ ದೊಡ್ಡ ಕಚೇರಿಯೂ ಬೆಂಗಳೂರಿನಲ್ಲಿದೆ. ಹಾಗಾಗಿ ಬೆಳ್ಳಂದೂರಿನಿಂದ ಬೆಂಟನ್‌ವಿಲ್‌ಗೆ ಹೊರಟ ಕನ್ನಡಿಗರಿಗೆ ಈ ಬ್ಯಾಗಿನ ವಿಚಾರ ಕಾಡುಹರಟೆಯಲ್ಲ. ಅವರಿಗೆ ಮುಖ್ಯವಾದ ವ್ಯತ್ಯಾಸ ಒಂದಿದೆ. ಗೇಟಿನಲ್ಲಿ ಕಟ್ಟುವ ಚೀಟಿ ಎರಡು ಬಗೆ. ಒಂದು ಬಗೆಯ ಬ್ಯಾಗು ಇಳಿದ ಕೂಡಲೇ ವಿಮಾನದ ಬಾಗಿಲಲ್ಲೇ ವಾಪಸು ಸಿಗುತ್ತದೆ. ಇನ್ನೊಂದು ಕೊನೆಯ ಊರಿನ ಬೆಲ್ಟಿಗೇ ಹೋಗುತ್ತದೆ. ಯಾವುದು ಎಂದು ಕೇಳದೆ ಕೈಬಿಟ್ಟವರು ಏರೋಬ್ರಿಜ್‌ನಲ್ಲಿ ಚಳಿಯಲ್ಲಿ ಕಾದು ನಿಂತಿರುತ್ತಾರೆ, ಬ್ಯಾಗು ಅಲ್ಲಿಗೆ ಬರುವುದೇ ಇಲ್ಲ. ಚೀಟಿ ಎರಡರಲ್ಲಿ ಯಾವುದೇ ಆಗಿರಲಿ, ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಯನ್ನು ಬ್ಯಾಗಿನಿಂದ ತೆಗೆದು ಕೈಯಲ್ಲಿ ಒಯ್ಯಲೇಬೇಕು. ಡಿಕ್ಕಿಯಲ್ಲಿ ಅದಕ್ಕೆ ಬೆಂಕಿ ಹತ್ತಿದರೆ ಆರಿಸಲು ಯಾರೂ ಇರುವುದಿಲ್ಲ. ಚಟ್ನಿಪುಡಿ ಡಬ್ಬಿಯ ಅಡಿಯಲ್ಲಿ ಪವರ್ ಬ್ಯಾಂಕ್ ಹೂತಿಟ್ಟವರು ಸಾಲಿನ ಮಧ್ಯೆ ಬ್ಯಾಗು ಬಿಚ್ಚಿ ಕೂರಬೇಕಾಗುತ್ತದೆ. ಔಷಧಿ, ಪಾಸ್‌ಪೋರ್ಟ್, ವೀಸಾ ಕಾಗದ ಮೊದಲೇ ಬೆನ್ನುಚೀಲದಲ್ಲಿದ್ದರೆ ಆ ಗಡಿಬಿಡಿ ಇಲ್ಲ. ಲಗ್ಗೇಜಿನ ಬಗ್ಗೆ ಯಾರಾದರೂ ಕೇಳಿದರೆ ನಾನು ಕೊಡುವ ಸಲಹೆ ಇಷ್ಟೇ: ಬೆನ್ನುಚೀಲವನ್ನು ಮೊದಲು ತುಂಬಿ, ಟ್ರಾಲಿಯನ್ನು ಆಮೇಲೆ.

ಯಾರಿಗೆ ಲಾಭ, ಯಾರಿಗೆ ನಷ್ಟ

ಪ್ರಯಾಣಿಕನ ಮಟ್ಟಿಗೆ 550 ಒಳ್ಳೆಯ ವಿಮಾನ, ಅದರಲ್ಲಿ ಅನುಮಾನವಿಲ್ಲ. ಬಾಗಿಲಲ್ಲಿ ಬ್ಯಾಗಿಗೆ ಕಾಯುವ 40 ಜನರ ಗುಂಪು ಇಲ್ಲವಾದರೆ ಮುಂದಿನ ವಿಮಾನ ಹಿಡಿಯುವವರಿಗೆ ಹತ್ತು ನಿಮಿಷ ಉಳಿಯುತ್ತದೆ. ಓಹೇರ್‌ನಂಥ ನಿಲ್ದಾಣದಲ್ಲಿ ಆ ಹತ್ತು ನಿಮಿಷಕ್ಕೆ ಬೆಲೆಯಿದೆ.

ಆದರೆ 70 ಜನರನ್ನು ಹೊರಬಲ್ಲ ಮೈಯನ್ನು 50 ಜನರಿಗಾಗಿ ಎತ್ತಿ ಹಾರಿಸುವುದು ಇಂಧನದ ಲೆಕ್ಕದಲ್ಲಿ ದುಂದು. ತಲಾ ಖರ್ಚು ಏರುತ್ತದೆ. ಅದನ್ನು 10 ಫಸ್ಟ್ ಕ್ಲಾಸ್ ಸೀಟಿನಿಂದ ತೆಗೆಯಬೇಕು. ಹೊಸ ವಿಮಾನ ಕಟ್ಟಿದ್ದರೆ ಈ ಲೆಕ್ಕ ಎಂದೂ ಕೂಡುತ್ತಿರಲಿಲ್ಲ. ಹಳೆಯ 700ಗಳು ಅಗ್ಗಕ್ಕೆ ಸಿಗುತ್ತಿದ್ದವು ಅನ್ನುವುದರ ಮೇಲೆ ಇಡೀ ಯೋಜನೆ ನಿಂತಿದೆ. 70 ಸೀಟಿನ ಪಟ್ಟಿಯಲ್ಲಿ ತೆರವಾದ ಜಾಗಕ್ಕೆ ಏನು ಬಂತು ಎಂಬುದು ಇನ್ನೂ ಸ್ವಾರಸ್ಯದ್ದು. 2019ರಲ್ಲೇ ಯುನೈಟೆಡ್ 20 ಎಂಬ್ರೇಯರ್ 175 ಕೊಳ್ಳಲು ಮುಂದಾಯಿತು. ಅದು 76 ಸೀಟಿನ ವಿಮಾನ, ಟ್ರಾಲಿ ಬ್ಯಾಗು ಹಿಡಿಯುವ ಬಿನ್ ಹುಟ್ಟಿನಿಂದಲೇ ಇದೆ. ಯುನೈಟೆಡ್ ಅದರಲ್ಲಿ 70 ಸೀಟು ಮಾತ್ರ ಹಾಕಿಸಿಕೊಂಡಿತು. ಮತ್ತದೇ ಕಲಮು. ಅದೇ 175 ವಿಮಾನವನ್ನು ಸ್ಟಾರ್ ಏರ್ 2023ರಲ್ಲಿ ಕರ್ನಾಟಕಕ್ಕೆ ತಂದಾಗ 12 ಬಿಸಿನೆಸ್, 64 ಎಕಾನಮಿ ಸೇರಿ 76 ಸೀಟೂ ಇಟ್ಟುಕೊಂಡಿತು. ಇಲ್ಲಿ ಬೇಲಿ ಇಲ್ಲ.

ಬೀರು ಎಲ್ಲರಿಗೂ ಅಲ್ಲ ಎಂಬುದನ್ನೂ ಹೇಳಬೇಕು. ಯುನೈಟೆಡ್‌ನ ಅತಿ ಅಗ್ಗದ 'ಬೇಸಿಕ್ ಎಕಾನಮಿ' ಟಿಕೆಟ್ ಕೊಂಡವರಿಗೆ ಅಮೆರಿಕದೊಳಗಿನ ಹಾರಾಟದಲ್ಲಿ ಸೀಟಿನ ಕೆಳಗೆ ಹಿಡಿಯುವ ಸಣ್ಣ ಚೀಲಕ್ಕಷ್ಟೇ ಅವಕಾಶ. ಅವರ ಟ್ರಾಲಿ ಬ್ಯಾಗಿಗೆ 550ರಲ್ಲೂ ಜಾಗವಿಲ್ಲ. ಈ ಸಲ ಅಡ್ಡ ಬಂದದ್ದು ಬಿನ್‌ನ ಗಾತ್ರವಲ್ಲ, ಟಿಕೆಟ್ಟಿನ ದರ.

550 ಹೊರಬಂದ ವರ್ಷವೇ, ಸಿಆರ್‌ಜೆ ತಯಾರಿಸುತ್ತಿದ್ದ ಕೆನಡಾದ ಬೊಂಬಾರ್ಡಿಯರ್ ಕಂಪನಿ ಆ ವಹಿವಾಟನ್ನು ಜಪಾನಿನ ಮಿತ್ಸುಬಿಷಿಗೆ ಮಾರಲು ಒಪ್ಪಿತು. 2020ರ ಜೂನ್‌ನಲ್ಲಿ ಮಾರಾಟ ಮುಗಿಯಿತು. ಬೆಲೆ 55 ಕೋಟಿ ಡಾಲರ್. ಅಮೆರಿಕದವರ ಲೆಕ್ಕದಲ್ಲಿ ಹೇಳಿದರೆ 550 ಮಿಲಿಯನ್, ಕಾಕತಾಳೀಯ. ಮಿತ್ಸುಬಿಷಿ ಕೊಂಡದ್ದು ರಿಪೇರಿ, ಬಿಡಿಭಾಗಗಳ ವ್ಯವಹಾರಕ್ಕಾಗಿ. ಕೊನೆಯ ಸಿಆರ್‌ಜೆ 2021ರ ಫೆಬ್ರುವರಿಯಲ್ಲಿ ಕಾರ್ಖಾನೆಯಿಂದ ಹೊರಟಿತು. ಮಿತ್ಸುಬಿಷಿ ತಾನೇ ಕಟ್ಟುತ್ತಿದ್ದ ರೀಜನಲ್ ಜೆಟ್ ಅನ್ನು 2023ರಲ್ಲಿ ಕೈಬಿಟ್ಟಿತು. ಎಂಬ್ರೇಯರ್‌ನ ಹೊಸ 175-ಇ2 ಇಂಧನ ಉಳಿಸುವ ಎಂಜಿನ್ ಹೊತ್ತು ಸುಮಾರು 98,000 ಪೌಂಡ್ ತೂಗುತ್ತದೆ. ಕಲಮಿನ ಮಿತಿ 86,000. ಹಾಗಾಗಿ ಅದನ್ನು ಅಮೆರಿಕದಲ್ಲಿ ಗುತ್ತಿಗೆಗೆ ಹಾರಿಸುವಂತಿಲ್ಲ, ಅದರ ಕೆಲಸವೂ ನಿಂತಿದೆ. 50 ಸೀಟಿನ ಹೊಸ ಜೆಟ್ ಯಾರೂ ಮಾಡುತ್ತಿಲ್ಲ. ಬೀರು ಕೂರಿಸಿಕೊಂಡ ಈ 550ಗಳು ಹೊಸ ಹೆಸರಿನ ಹಳೆ ವಿಮಾನಗಳು. ಇವುಗಳ ಮೈ ಸವೆಯುವಷ್ಟರಲ್ಲಿ ಒಪ್ಪಂದ ಬದಲಾಗದಿದ್ದರೆ ಮತ್ತೆ ಕಿತ್ತು ಕೂರಿಸಲು 700ಗಳೂ ಉಳಿದಿರುವುದಿಲ್ಲ.